ಸೀಟ್ ಐತೆ, ಬರ್ರಿ!

ಚಿತ್ರದುರ್ಗದ ಖಾಸಗಿ ಬಸ್ ನಿಲ್ದಾಣದಲ್ಲಿ ಊರ ಹೆಸರು ಕೂಗಿ ಜನರನ್ನು ಹತ್ತಿಸುವುದು ಆ ಹುಡುಗನ ಕೆಲಸ. ರ‍್ಯಾಪ್ ಅವನ ಹುಚ್ಚು. ಬಾಗಿಲಲ್ಲಿ ಜನ ಜೋತುಬಿದ್ದಿದ್ದರೂ ಬಸ್ಸಿನ ತಗಡು ಬಡಿಯುತ್ತ "ಸೀಟ್ ಐತೆ, ಬರ್ರಿ!" ಎನ್ನುತ್ತಿದ್ದ. ನಾನು ದಿನಾ ನಂಬಿ ಹತ್ತಿ, ಹೊಳಲ್ಕೆರೆವರೆಗೆ ನಿಂತೇ ಹೋಗುತ್ತಿದ್ದೆ.

ಒಮ್ಮೆ ಚಿತ್ರದುರ್ಗದಲ್ಲೇ ನಡೆದ ರ‍್ಯಾಪ್ ಸ್ಪರ್ಧೆಗೆ ನಾನೂ ಹೋಗಿದ್ದೆ; ಅವನು ಕಪ್ಪು ಕನ್ನಡಕ ಹಾಕಿ, ಮುಂಬೈ ರ‍್ಯಾಪರ್‌ಗಳಂತೆ ಕೈ ಬೀಸುತ್ತ ವೇದಿಕೆ ಹತ್ತಿದ. ಎರಡೇ ಸಾಲಿಗೆ ಹಾಡು ಮರೆತುಹೋಯಿತು. ಜನ ನಗತೊಡಗಿದರು. ಕನ್ನಡಕ ಕಿತ್ತು ಜೇಬಿಗಿಟ್ಟು, ಮೈಕಿನ ಕಂಬ ಬಡಿಯುತ್ತ ಶುರುಮಾಡಿದ: "ಹೊಳಲ್ಕೆರೆ, ಹೊಳಲ್ಕೆರೆ, ಹೊಸದುರ್ಗ! ಸೀಟ್ ಐತೆ, ಬರ್ರಿ!"

ಸಭೆಯೆಲ್ಲ ಚಪ್ಪಾಳೆ. ಮುಂದಿನ ಸಾಲಿನ ಅಜ್ಜಿಯೊಬ್ಬರು ಚೀಲ ಹಿಡಿದು ಎದ್ದೇಬಿಟ್ಟರು. ಅವನು ತಾಳ ತಪ್ಪಿಸದೆ ಹೇಳಿದ: "ಕುಂತ್ಕಳ್ರಿ ಅಜ್ಜಿ, ಹಾಡು ಮುಗೀಲಿ, ಹೋಗಾಣ!"

ಬಹುಮಾನ ಅವನಿಗೇ ಬಂತು. ಆಮೇಲೆ ಹೊರಟ ಹೊಳಲ್ಕೆರೆ ಬಸ್ಸಿನಲ್ಲಿ ಅಜ್ಜಿಗೆ ಕಿಟಕಿ ಪಕ್ಕದ ಸೀಟು ಸಿಕ್ಕಿತು. ನಾನು ಅಂದೂ ನಿಂತೇ ಹೋದೆ.