ದೊಡ್ಡವ್ವನ ಕೆನೆಬಣ್ಣದ ಗಾಲೀಚ

ಹೊಸ ಗಾಲೀಚಕ್ಕೆ ಒಂದು ವಾಸನೆ ಇರುತ್ತದೆ, ಗಮನಿಸಿದ್ದೀರಾ? ಸ್ವಲ್ಪ ರಬ್ಬರು, ಸ್ವಲ್ಪ ಧೂಳು, ಸ್ವಲ್ಪ ಗಂಜಿ ಹಾಕಿದ ಬಟ್ಟೆ. ಮೊನ್ನೆ ಬೀದರಿನ ಅಂಗಡಿಯೊಂದರಲ್ಲಿ ನನ್ನ ಹೆಂಡತಿ ಸುರುಳಿಗಳನ್ನು ಬಿಚ್ಚಿಸಿ ಅಂಗೈ ಉಜ್ಜಿ ನೋಡುತ್ತಿದ್ದಾಗ ಆ ವಾಸನೆ ಮೂಗಿಗೆ ಬಂತು. ನಾನು ಪಕ್ಕದ ಸ್ಟೂಲಿನ ಮೇಲೆ ಕುಳಿತು, ಬಣ್ಣಗಳ ಬಗ್ಗೆ ಬಹಳ ತಿಳಿದವನಂತೆ ಆಗಾಗ ತಲೆಯಾಡಿಸುತ್ತಿದ್ದೆ. ಅಂಗಡಿಯವರು ಕೇಳಿದರು: "ಮನ್ಯಾಗ ಮಂದಿ ಭಾಳ ಅದಾರೇನ್ರಿ?"

ಅಷ್ಟು ಸಾಕಾಯಿತು. ನನಗೆ ದೊಡ್ಡವ್ವ ನೆನಪಾದಳು.

ದೊಡ್ಡವ್ವ ಅಂದರೆ ನಮ್ಮಪ್ಪನ ಅಣ್ಣನ ಹೆಂಡತಿ. ಹುಟ್ಟಿದ್ದು ಭಾಲ್ಕಿ ಕಡೆಯ ಮೆಹಕರದಲ್ಲಿ, ಒಕ್ಕಲುತನದ ಮನೆಯಲ್ಲಿ. ಮದುವೆಯಾಗಿ ಬೀದರಿನ ನಮ್ಮ ಕೂಡು ಕುಟುಂಬಕ್ಕೆ ಬಂದವಳು. ಸಿಟ್ಟು ಬಂದರೆ ಮರಾಠಿ, ಪ್ರೀತಿ ಬಂದರೆ ಕನ್ನಡ, ತರಕಾರಿಯವನ ಜೊತೆ ಜಗಳಕ್ಕೆ ಉರ್ದು. ದೊಡ್ಡಪ್ಪ ತೀರಿಕೊಂಡ ಮೇಲೆ ಮನೆಯ ಯಜಮಾನಿಕೆ ಅವಳದೇ ಎಂದು ಎಲ್ಲರೂ ಒಪ್ಪಿದ್ದರು, ಕಾಕಾ ಒಬ್ಬರನ್ನು ಬಿಟ್ಟು. ಕಾಕಾ, ಅಂದರೆ ದೊಡ್ಡವ್ವನ ಮೈದುನ, ಸಾಲಿ ಮಾಸ್ತರರು. ಮನೆಗೆ ಒಂದು ಸೌಟು ತರಬೇಕಾದರೂ ಕಾರಣಗಳನ್ನು ಬೋರ್ಡಿನ ಮೇಲೆ ಬರೆದಂತೆ ವಿವರಿಸಿದ ಮೇಲೆಯೇ ಅವರಿಗೆ ಸಮಾಧಾನ.

ಮನೆ ಬಸ್ ನಿಲ್ದಾಣಕ್ಕೆ ಹತ್ತಿರವಿತ್ತು. ಹೀಗಾಗಿ ಭಾಲ್ಕಿ, ಔರಾದ ಕಡೆಯ ನೆಂಟರಿಗೆಲ್ಲ ಅದು ನಿಲ್ದಾಣದ ಇನ್ನೊಂದು ಭಾಗ. ದವಾಖಾನೆಗೆ ಬಂದವರು, ಕೋರ್ಟಿಗೆ ಬಂದವರು, ವರ ನೋಡಲು ಬಂದವರು, ಸುಮ್ಮನೆ ಬಂದವರು. ಎಲ್ಲರೂ ಪಡಸಾಲೆಯ ಹಳೆಯ ಜಮಖಾನದ ಮೇಲೆ ಕುಳಿತು ಚಹಾ ಕುಡಿದು ಹೋಗುತ್ತಿದ್ದರು. ಕೊನೆಕೊನೆಗೆ ಆ ಜಮಖಾನದಲ್ಲಿ ನೂಲಿಗಿಂತ ತೂತುಗಳೇ ಹೆಚ್ಚಾಗಿ, ಒಮ್ಮೆ ಕಾಕಾ ಅವರ ಕಾಲಿನ ಹೆಬ್ಬೆರಳೇ ಸಿಕ್ಕಿ ಅವರು ಚಹಾದ ಕಪ್ಪಿನೊಂದಿಗೆ ನೆಂಟರ ಮಡಿಲಿಗೆ ಬಿದ್ದರು. ಆ ಸಂಜೆಯೇ ಗಾಲೀಚ ತರುವುದೆಂದು ತೀರ್ಮಾನವಾಯಿತು.

ಬಣ್ಣದ ಪ್ರಶ್ನೆ ಎದುರಾಯಿತು. ಬೀದರಿನ ಮಣ್ಣು ಕೆಂಪು. ಔರಾದ, ಭಾಲ್ಕಿಯಿಂದ ಬರುವ ಕಾಲುಗಳಿಗೆ ಹತ್ತಿರುವುದು ಕರಿ ಮಣ್ಣು. ಎರಡೂ ಕಾಣದ ಬಣ್ಣ ಯಾವುದು? ಕಾಕಾ ಈ ಬಗ್ಗೆ ಬಹಳ ಯೋಚಿಸಿದರು. ಕೊನೆಗೆ, "ಸುಟ್ಟ ಇಟ್ಟಂಗಿ ಬಣ್ಣ. ಗಿಡ್ಡ ಎಳಿ, ಗಟ್ಟಿ ನೇಯ್ಗಿ. ಹಾಸಿದ್ರ ಮೊಮ್ಮಕ್ಕಳ ತನಕಾ ಬರಬೇಕು" ಎಂದು ಘೋಷಿಸಿದರು. ಅವರ ಮಾತಿನಲ್ಲಿ ಒಂದು ತಪ್ಪೂ ಇರಲಿಲ್ಲ. ಇವತ್ತಿಗೂ ಯಾರಾದರೂ ಕೇಳಿದರೆ ನಾನು ಅದನ್ನೇ ಹೇಳುತ್ತೇನೆ.

ಅಂಗಡಿಗೆ ಕಾಕಾ, ದೊಡ್ಡವ್ವ, ಸುರುಳಿ ಹೊರಲು ಆಗ ಕಾಲೇಜಿಗೆ ಹೋಗುತ್ತಿದ್ದ ನಾನು ಹೋದೆವು. ಕಾಕಾ ಎಳೆ ಎಳೆದು, ಮಡಚಿ, ಬೆನ್ನು ತಿರುವಿ ಪರೀಕ್ಷೆ ನಡೆಸಿದರು. ದೊಡ್ಡವ್ವ ಮಾತ್ರ ಚಪ್ಪಲಿ ಬಿಟ್ಟು, ಸೀರೆಯ ನಿರಿಗೆ ತುಸು ಎತ್ತಿ, ಹಾಸಿದ ಒಂದೊಂದು ಗಾಲೀಚದ ಮೇಲೂ ನಡೆದು ನೋಡಿದಳು. ಮೂಲೆಯಲ್ಲೊಂದು ಕೆನೆಬಣ್ಣದ್ದಿತ್ತು. ದಪ್ಪ ಎಳೆ, ಕಾಲಿಟ್ಟರೆ ಬೆರಳು ಮುಳುಗುತ್ತಿತ್ತು. ಅದರ ನಟ್ಟನಡುವೆ ಎರಡೂ ಕಾಲು ಜೋಡಿಸಿ ನಿಂತಳು. ಎಷ್ಟು ಹೊತ್ತಾದರೂ ಇಳಿಯಲಿಲ್ಲ.

"ಇದು" ಎಂದಳು.

ಕಾಕಾ ಹೌಹಾರಿ ಅತ್ತಿಗೆಯತ್ತ ತಿರುಗಿದರು. "ವೈನಿ, ಇದು ನಮ್ಮಂಥ ಮನಿಗಲ್ಲ. ಗಾಲೀಚಾ ಅಂತ ಒಯ್ಯೋದು, ಹತ್ತ್ ದಿನದಾಗ ಗಲೀಜಾ ಆಗ್ತದ."

"ಆಗ್ಲಿ."

ಅಂಗಡಿಯ ಮುದುಕರು ನಡುವೆ ಬಾಯಿ ಹಾಕಿದರು: "ಅಮ್ಮಾ, ಮಾಲ್ ಏಕ್‌ದಂ ಛಲೋ ಅದ. ಆದ್ರ ಇದಕ್ಕ ಮನ್ಯಾಗ ಮಂದಿ ಕಮ್ಮಿ ಇರಬೇಕ್ರಿ."

"ಮಂದಿ ಕಮ್ಮಿ ಆಗ್ಲಿ ಅಂತೀಯೇನಪ್ಪಾ ನಮ್ಮ ಮನ್ಯಾಗ?" ಎಂದಳು ದೊಡ್ಡವ್ವ. ಆ ಮುದುಕರು ನಾಲಿಗೆ ಕಚ್ಚಿಕೊಂಡು ಸುರುಳಿ ಸುತ್ತತೊಡಗಿದರು. ನಾನು ಹೆಗಲು ಕೊಟ್ಟೆ.

ಮನೆಗೆ ಬಂದ ಗಾಲೀಚವನ್ನು ನೋಡಿ ಕಾಕಾನ ಹೆಂಡತಿ ಕಾಕು ನಕ್ಕರು, ಮಕ್ಕಳು ಉರುಳಾಡಿದರು. ಕಾಕಾ ಮಾತ್ರ ಮಾರನೆಯ ದಿನವೇ ಪೇಟೆಗೆ ಹೋಗಿ ದಪ್ಪ ಪ್ಲಾಸ್ಟಿಕ್ ಹಾಳೆ ತಂದು ಮೇಲೆ ಹೊದಿಸಿದರು. ಅಲ್ಲಿಂದ ಶುರುವಾಯಿತು ನೋಡಿ. ಕಾಲು ತೊಳೆಯದೆ ಬರಬಾರದು. ಚಹಾ ಅಡುಗೆಮನೆಯಲ್ಲೇ ಕುಡಿಯಬೇಕು. ಕೂತರೆ ಪ್ಲಾಸ್ಟಿಕ್ಕು ಚರಚರ ಎನ್ನುತ್ತಿತ್ತು, ಎದ್ದರೆ ಬೆವರಿಗೆ ಅಂಟಿಕೊಂಡು ಹಿಂದೆಯೇ ಏಳುತ್ತಿತ್ತು. ನಾವೆಲ್ಲ ಗೋಡೆಗೆ ಬೆನ್ನು ಉಜ್ಜಿಕೊಂಡು ಅಂಚಿನಲ್ಲಿ ನಡೆಯುವುದನ್ನು ಕಲಿತೆವು. ಪಡಸಾಲೆಯಲ್ಲಿ ಈಗ ಗಾಲೀಚ ಒಂದೇ ಆರಾಮವಾಗಿತ್ತು. ದೊಡ್ಡವ್ವ ಇದನ್ನೆಲ್ಲ ನೋಡಿಯೂ ಸುಮ್ಮನಿದ್ದಳು. ಮೈದುನ ಪ್ರೀತಿಯಿಂದಲೇ ಕಾಯುತ್ತಿದ್ದಾನೆ ಎಂದುಕೊಂಡಿರಬೇಕು.

ಮಳೆಗಾಲದ ಒಂದು ಬೆಳಿಗ್ಗೆ ಔರಾದ ಕಡೆಯ ಎಕಂಬಾದಿಂದ ಶಿವರಾಯ ಮಾಮಾ ಬಂದರು. ದೊಡ್ಡವ್ವನಿಗೆ ದೂರದ ತಮ್ಮನಾಗಬೇಕು. ಹೊಲದಿಂದ ನೇರ ಬಸ್ಸು ಹತ್ತಿ, ದವಾಖಾನೆಯಲ್ಲಿದ್ದ ಮಗಳನ್ನು ನೋಡಲು ಬಂದಿದ್ದರು. ಮೊಣಕಾಲ ತನಕ ಕರಿ ರಾಡಿ. ಬಾಗಿಲಲ್ಲಿ ನಿಂತು ಒಳಗೆ ನೋಡಿದರು. ಹೊರಗೆ, ನಮ್ಮೆಲ್ಲರ ಚಪ್ಪಲಿಗಳ ಪಕ್ಕ ಕುಕ್ಕರುಗಾಲಲ್ಲಿ ಕುಳಿತರು. ಕಾಕಾ ಗಾಬರಿಯಿಂದ, "ಒಳಗ ಬರ್ರಿ, ಕಾಲ್ ತೊಳಕೊಂಡು ಬರ್ರಿ" ಎಂದರು. ಮಾಮಾ ಸಣ್ಣಗೆ ನಕ್ಕು, "ಬ್ಯಾಡ್ರಿ ಮಾಸ್ತರ್. ಇಲ್ಲೇ ಛಲೋ ಅದ" ಎಂದರು.

ಆ ಹೊತ್ತಿಗೆ ದೊಡ್ಡವ್ವ ಚಹಾ ಹಿಡಿದು ಬಂದಳು. ಚಪ್ಪಲಿಗಳ ನಡುವೆ ಕುಳಿತ ತಮ್ಮನನ್ನು ಕಂಡಳು. ಕಪ್ಪು ಕೆಳಗಿಟ್ಟಳು. ಒಂದೇ ಎಳೆತಕ್ಕೆ ಪ್ಲಾಸ್ಟಿಕ್ಕನ್ನು ಕಿತ್ತು ಅಂಗಳಕ್ಕೆ ಎಸೆದಳು. ಸಿಟ್ಟಿಗೆ ಮರಾಠಿಯಾಡುವವಳು ಅವತ್ತು ಕನ್ನಡದಲ್ಲೇ ಮಾತಾಡಿದಳು.

"ನಾ ಸಣ್ಣಾಕಿದ್ದಾಗ ನಮ್ಮಪ್ಪನ ಕೂಡ ಭಾಲ್ಕಿಗೆ ಒಬ್ಬ ದೊಡ್ಡ ಸಾವಕಾರ್ರ ಮನಿಗೆ ಹೋಗಿದ್ದೆ. ಹಿಂಥಾದೇ ಗಾಲೀಚಾ ಹಾಸಿದ್ರು. ಅಪ್ಪ ಅದರ ಅಂಚಿಗೆ ರುಮಾಲ ಕೈಯಾಗ ಹಿಡ್ಕೊಂಡು ನಿಂತಿದ್ದ. ಹ್ಯಾಂಗಿರ್ತದ ನೋಡಾಮು ಅಂತ ನಾ ಒಂದ್ ಕಾಲಿಟ್ಟೆ. 'ಏ ಹುಡುಗಿ, ಕಾಲ್ ತಗಿ' ಅಂದ್ರು. ನನಗ ಅಂದಿದ್ದು ಇರ್ಲಿ. ಅಪ್ಪ ಬಗ್ಗಿ, ನನ್ನ ಕಾಲಿನ ಮಣ್ಣು ಅವನ ರುಮಾಲಿಲೆ ಒರಸಿದ. ಇದನ್ನ ನಾ ತಂದಿದ್ದು ನನ್ನ ಬಾಗಲದಾಗ ಯಾರ್ನೂ ನಿಂದ್ರಸಲಾಕಲ್ಲ."

ಅವಳು ಬರಿಗಾಲಲ್ಲಿ ಅಂಗಳಕ್ಕಿಳಿದು ಕೆಂಪು ರಾಡಿಯಲ್ಲಿ ಕಾಲು ಅದ್ದಿದಳು. ತಿರುಗಿ ಬಂದು ಕೆನೆಬಣ್ಣದ ಮೇಲೆ ಈ ಕೊನೆಯಿಂದ ಆ ಕೊನೆಗೆ ನಡೆದಳು. ಒಂದೊಂದು ಹೆಜ್ಜೆಯೂ ಅಚ್ಚಾಗಿ ಮೂಡಿತು. "ಈಗ ಬಾ ತಮ್ಮಾ" ಎಂದಳು. ಶಿವರಾಯ ಮಾಮಾ ಎದ್ದರು. ಅವರ ಕಣ್ಣುಗಳು ತುಂಬಿದ್ದವು. ಮೆಲ್ಲಗೆ, ನಿದ್ದೆ ಹೋದ ಮಗುವಿನ ಪಕ್ಕ ನಡೆಯುವವರಂತೆ ಬಂದು ಅಕ್ಕನ ಹತ್ತಿರ ಕುಳಿತರು. ಕಾಕಾ ಗೋಡೆಗೆ ಆತು ನಿಂತೇ ಇದ್ದರು. ಆಮೇಲೆ ಅವರೂ ಬಂದು ಕುಳಿತು, "ಮಗಳಿಗೆ ಹ್ಯಾಂಗದ ಈಗ?" ಎಂದು ಕೇಳಿದರು.

ಆಮೇಲೆ ಆ ಗಾಲೀಚದ ಮೇಲೆ ಚಹಾ ಚೆಲ್ಲಿತು, ಅರಿಸಿನ ಬಿತ್ತು, ಹುಡುಗಿಯರ ಮೆಹಂದಿ ಉದುರಿತು. ಮಾಮಾನ ಮಗಳು ಗುಣವಾಗಿ ಊರಿಗೆ ಹೋಗುವ ಮುಂಚೆ ಅದರ ಮೇಲೆಯೇ ಮಲಗಿ ಸುಧಾರಿಸಿಕೊಂಡಳು. ಕೆಲವು ವರ್ಷಗಳಲ್ಲಿ ಅದು ಕೆಂಪೂ ಅಲ್ಲದ, ಕಪ್ಪೂ ಅಲ್ಲದ ಒಂದು ಬಣ್ಣಕ್ಕೆ ತಿರುಗಿದಾಗ ಕಾಕಾ ಬಹಳ ಹೆಮ್ಮೆಯಿಂದ, "ನೋಡ್ರಿ ವೈನಿ, ಕಡೀಕ ನಾ ಹೇಳಿದ್ ಬಣ್ಣಾನೇ ಆಯ್ತು" ಎಂದರು. ದೊಡ್ಡವ್ವ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದು ಕಿವಿಯಲ್ಲಿದೆ. ಈಗ ಇಬ್ಬರೂ ಇಲ್ಲ.

ಅಂಗಡಿಯಲ್ಲಿ ಹೆಂಡತಿ ಮೊಣಕೈಯಿಂದ ತಿವಿದಳು. ಅವಳು ಆರಿಸಿದ್ದು ಬೂದು ಬಣ್ಣದ, ಗಿಡ್ಡ ಎಳೆಯ, ಒರೆಸಿದರೆ ಹೋಗುವಂಥದ್ದು. ಬುದ್ಧಿವಂತಿಕೆಯ ಆಯ್ಕೆ. ನಾನು ತಲೆಯಾಡಿಸಿದೆ.

ನಿನ್ನೆ ಇಬ್ಬರು ಕೆಲಸಗಾರರು ಬಂದು ಅಳತೆಗೆ ಕತ್ತರಿಸಿ ಹಾಸಿದರು. ಮುಗಿದ ಮೇಲೆ ಹೊರಗೆ ಮೆಟ್ಟಿಲ ಮೇಲೆ ಕುಳಿತು ನೀರು ಕೇಳಿದರು. ನಾನು ಒಳಗೆ ಕರೆದೆ. "ಹೊಸಾದು ಅದ ರೀ, ನಮ್ ಬಟ್ಟಿ ಎಲ್ಲಾ ಧೂಳಾಗ್ಯಾವ" ಎಂದು ಹಿಂಜರಿದರು. ನಾನು ಮೊದಲು ಹೋಗಿ ನಡುವೆ ಚಕ್ಕಳಮಕ್ಕಳ ಹಾಕಿ ಕುಳಿತೆ. ಎದುರಿಗೆ ಜಾಗ ತೋರಿಸಿದೆ. ಹೆಂಡತಿ ನನ್ನ ಮುಖ ನೋಡಿ, ಒಳಗೆ ಹೋಗಿ ಚಹಾ ತಂದಳು.

ಇಬ್ಬರೂ ಕುಳಿತರು. ಹಿರಿಯವನು ಅಂಗೈಯಿಂದ ಎಳೆಗಳನ್ನು ಅತ್ತಿತ್ತ ಸವರಿ, ತುಸು ನಾಚಿಕೊಂಡು ಹೇಳಿದ: "ಎಷ್ಟೋ ಮನಿಗಿ ಹಾಸೇನ್ರಿ. ಕುಂತಿದ್ದು ಇವತ್ತೇ. ಮೆತ್ತಗ ಅದ ರೀ."