ವಿಳಂಬಕ್ಕೆ ಕಾರಣ

ನನ್ನ ಅಕ್ಕ ಕಮಲಾಪುರದ ಸರ್ಕಾರಿ ದವಾಖಾನೆಯಲ್ಲಿ ನರ್ಸ್ ಆಗಿದ್ದಳು. ಮದುವೆಯಾಗಲಿಲ್ಲ. ನಾನು ನಂದೂರಿನ ಒಂದು ದಾಲ್ ಮಿಲ್ಲಿನಲ್ಲಿ ಗುಮಾಸ್ತ. ಮಿಲ್ಲಿನ ಬಿಲ್ಲು, ತೆರಿಗೆ, ನೋಟೀಸಿಗೆ ಉತ್ತರ ಎಲ್ಲ ನನ್ನ ಕೈಯಿಂದಲೇ ಆಗಬೇಕು. ಖೂಬಾ ಪ್ಲಾಟ್ ಬಡಾವಣೆಯ ನಮ್ಮ ಓಣಿಯವರು ರೇಷನ್ ಕಾರ್ಡಿನಿಂದ ಹಿಡಿದು ಪಿಂಚಣಿಯವರೆಗೆ ಯಾವ ಅರ್ಜಿ ಇದ್ದರೂ ನನ್ನ ಕಡೆಗೇ ಬರುತ್ತಾರೆ. ಜಂಬಕ್ಕೆ ಹೇಳುತ್ತಿಲ್ಲ. ಊರಿನವರ ಕಾಗದವನ್ನೆಲ್ಲ ಹೊತ್ತಿಗೆ ಸರಿಯಾಗಿ ಮುಟ್ಟಿಸಿದ ಈ ಮಹಾಶಯ ಸ್ವಂತ ಅಕ್ಕನ ಕಾಗದವನ್ನು ಮೂರು ವರ್ಷ ಕಪಾಟಿನಲ್ಲಿಟ್ಟು ಕೂತಿದ್ದ ಎಂಬುದು ನಿಮಗೂ ಗೊತ್ತಿರಲಿ ಎಂದು ಹೇಳುತ್ತಿದ್ದೇನೆ.

ಪ್ರತಿ ಜೂನಿನಲ್ಲಿ ಅವಳ ಕೈಗೆ ಫಾರ್ಮ್ ಹದಿನಾರು ಬರುತ್ತಿತ್ತು. ವರ್ಷದ ಪಗಾರ ಎಷ್ಟು, ಅದರಲ್ಲಿ ಆದಾಯ ತೆರಿಗೆ ಎಷ್ಟು ಹಿಡಿದರು ಎಂದು ಹೇಳುವ ಕಾಗದ. ಮೊದಲೆಲ್ಲ ಅವಳ ಆಫೀಸಿನ ಕ್ಲರ್ಕ್ ಒಬ್ಬರು ರಿಟರ್ನ್ ತುಂಬಿಕೊಡುತ್ತಿದ್ದರು. ಅವರಿಗೆ ವರ್ಗವಾದ ಮೇಲೆ ಅಕ್ಕ ಆ ಕಾಗದವನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿಕೊಂಡು, ನನ್ನ ಮಗಳಿಗೆಂದು ಒಂದಿಷ್ಟು ಕೆಂಪು ಬಾಳೆಹಣ್ಣು ಹಿಡಿದುಕೊಂಡು, ಭಾನುವಾರದ ಬಸ್ಸಿಗೆ ಬರತೊಡಗಿದಳು.

“ಇದೊಂದ ತುಂಬಿಬಿಡೋ ತಮ್ಮಾ. ನನಗ ಆ ಕಂಪ್ಯೂಟರ್ ತಿಳಿಯಂಗಿಲ್ಲ.”

ಮೊದಲ ವರ್ಷ ಕೂತೆ, ಸುಳ್ಳು ಹೇಳುವುದಿಲ್ಲ. ಪಾಸ್‌ವರ್ಡ್ ಕೂಡಲಿಲ್ಲ. ಹೊಸದು ಮಾಡಬೇಕೆಂದರೆ ಅವಳ ಫೋನಿಗೆ ಬರುವ ನಂಬರು ಬೇಕು, ಅವಳು ಹೆರಿಗೆ ಕೋಣೆಯ ಡ್ಯೂಟಿಯಲ್ಲಿದ್ದಳು. ನಾಳೆ ನೋಡಿದರಾಯಿತು ಎಂದೆ. ಆ ನಾಳೆ ಬರಲಿಲ್ಲ. ಟ್ಯಾಕ್ಸ್ ಹೆಂಗೂ ಪಗಾರದಲ್ಲೇ ಕಟ್ ಆಗಿದೆ, ಮತ್ತೇನು ತುಂಬುವುದು ಎಂದು ನಮ್ಮ ಕಡೆ ನೌಕರಿ ಮಾಡುವ ಅರ್ಧ ಜನ ಹೇಳುತ್ತಾರೆ. ಅದು ತಪ್ಪೆಂದು ಗೊತ್ತಿದ್ದ ನಾನೂ ಅದನ್ನೇ ಹೇಳಿಕೊಂಡು ಸಮಾಧಾನ ಮಾಡಿಕೊಂಡೆ.

ಮರುವರ್ಷ ಬಂದಾಗ ಕೇಳಿದಳು, “ಹ್ವಾದ ವರ್ಷದ್ದು ಆತಲ್ಲ?”

“ಆತಕ್ಕಾ.”

ಎಷ್ಟು ಸಲೀಸಾಗಿ ಬಂತೆಂದರೆ ನನಗೇ ಆಶ್ಚರ್ಯವಾಯಿತು. ಒಮ್ಮೆ ಹಾಗೆಂದ ಮೇಲೆ ಹೊಸ ವರ್ಷದ್ದನ್ನು ಮುಟ್ಟಲೂ ಭಯ. ತೆರೆದರೆ ಹಳೆಯದು ಎದ್ದು ಕೂಡುತ್ತದೆ. ಹೀಗೆ ಮೂರು ಕಾಗದ ಒಂದರ ಮೇಲೊಂದು ಕೂತವು.

ಅವಳು ರಿಟೈರ್ ಆಗಲು ಎಂಟು ತಿಂಗಳಿತ್ತು. ದಸರೆ ಮುಗಿದ ಮೇಲಿನ ಭಾನುವಾರ ಬಂದಳು, ಎಂದೂ ಇಲ್ಲದ ಗೆಲುವಿನಲ್ಲಿದ್ದಳು. ಅವಳ ಜೊತೆ ಇಪ್ಪತ್ತು ವರ್ಷ ಕೆಲಸ ಮಾಡಿ ನಿವೃತ್ತರಾದ ಇನ್ನೊಬ್ಬ ನರ್ಸ್ ಕಮಲಾಪುರದಲ್ಲೇ ಮನೆ ಮಾಡಿಕೊಂಡಿದ್ದರು. ಅಕ್ಕ ಅವರನ್ನು ಆಪಾ ಎನ್ನುತ್ತಿದ್ದಳು. ಆಪಾನ ಮನೆಗೆ ಗೋಡೆ ಹಚ್ಚಿಕೊಂಡಿದ್ದ ಎರಡು ಕೋಣೆಯ ಮನೆ ಮಾರಾಟಕ್ಕಿತ್ತು. ಮಾಲೀಕರು ಊರು ಬಿಟ್ಟು ಬೀದರಿನ ಕಡೆ ಹೋಗಲಿದ್ದ ಮಾಸ್ತರರು. ಯುಗಾದಿಯವರೆಗೆ ಬೇರೆಯವರಿಗೆ ಕೊಡುವುದಿಲ್ಲ ಎಂದು ಮಾತು ಕೊಟ್ಟಿದ್ದರು.

“ನಡುವಿನ ಗ್ವಾಡಿಗೆ ಒಂದು ಸಣ್ಣ ಬಾಗಿಲಾ ಇಡಸ್ತೀವಿ,” ಎಂದಳು. “ಆಪಾಗ ಮೊಣಕಾಲು ಬ್ಯಾನಿ. ಓಣಿ ಸುತ್ತಿ ಬರೂದು ಆಗಂಗಿಲ್ಲ. ಬಾಗಿಲಾ ಇದ್ರ ಆಕಿ ಚಹಾಕ್ಕ ಬರ್ತಾಳ, ನಾ ಹೋಗ್ತೇನಿ.”

ಮೂವತ್ನಾಲ್ಕು ವರ್ಷ ಸರ್ಕಾರಿ ಕ್ವಾರ್ಟರ್ಸಿನಲ್ಲಿ ಇದ್ದವಳು. ಕೂಡಿಟ್ಟಿದ್ದನ್ನು ನಾನು ಖೂಬಾ ಪ್ಲಾಟಿನಲ್ಲಿ ಮನೆ ಕಟ್ಟುವಾಗ ತೆಗೆದುಕೊಟ್ಟಿದ್ದಳು. ಹೀಗಾಗಿ ಸಾಲ ಬೇಕಿತ್ತು. ಬ್ಯಾಂಕಿನವರು ಮೂರು ವರ್ಷದ ರಿಟರ್ನ್ ಕೇಳಿದ್ದರು.

“ಮೂರೂ ವರ್ಷದ್ದು ಒಂದೊಂದು ಕಾಪಿ ತೆಗದುಕೊಡು. ನಾಳೆನೇ ಕೊಡ್ತೇನಿ.”

ಪ್ರಿಂಟರ್ ಕೆಟ್ಟಿದೆ ಎನ್ನಲು ಬಾಯಿ ತೆರೆದೆ. ನನ್ನ ಹೆಂಡತಿ ಚಹಾ ತಂದಿಟ್ಟು ಅಲ್ಲೇ ನಿಂತಳು. ಅವಳಿಗೆ ಎಲ್ಲ ಗೊತ್ತಿತ್ತು, ಮೂರು ವರ್ಷದಿಂದ ನನ್ನ ಬೆನ್ನು ಹತ್ತಿದ್ದಳು.

“ತುಂಬಿಲ್ಲಕ್ಕಾ,” ಎಂದೆ.

“ಯಾವ ವರ್ಷದ್ದು?”

“ಯಾವುದೂ ತುಂಬಿಲ್ಲ.”

ಅವಳು ಕಪ್ಪನ್ನು ಬಸಿಯಲ್ಲಿಟ್ಟಳು. “ಮತ್ತ ಆತು ಅಂದಿದ್ಯಲ್ಲ?” ಎಂದಳು. ಗದರಿಸಲಿಲ್ಲ. ನಿಜವಾಗಿ ತಿಳಿಯದೆ ಕೇಳಿದ್ದಳು. ನನಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು.

ಮರುದಿನ ಇಬ್ಬರೂ ಕೋಟೆ ಕಡೆಯ ರಸ್ತೆಯಲ್ಲಿ ಆಫೀಸಿದ್ದ ಒಬ್ಬ ಟ್ಯಾಕ್ಸ್ ವಕೀಲರ ಹತ್ತಿರ ಹೋದೆವು. ಅವರು ಕಾಗದಗಳನ್ನು ತಿರುವಿಹಾಕಿ ಅಕ್ಕನಿಗೆ ಹೇಳಿದರು:

“ಈ ವರ್ಷದ್ದು ದಂಡ ಕಟ್ಟಿ ಈಗ ತುಂಬಬಹುದು. ಹಿಂದಿನ ಎರಡು ತ್ರಾಸ ಅದಾವ. ಅವಧಿ ಮುಗದ ಮ್ಯಾಲೂ ತಗೋತಾರ್ರಿ, ಆದ್ರ ಇನ್ನೂ ಟ್ಯಾಕ್ಸ್ ಕೊಡೂದು ಇದ್ದವರದಷ್ಟ ತಗೋತಾರ. ನೀವು ಹೆಚ್ಚಿಗಿ ಕಟ್ಟೀರಿ. ನಿಮಗ ವಾಪಸ್ ಬರೂದದ. ಅಂಥವರಿಗೆ ಆ ದಾರಿ ಇಲ್ಲ.”

“ಹೆಚ್ಚಿಗಿ ಕಟ್ಟಿದ್ದು ತಪ್ಪಾತೇನ್ರಿ?”

ವಕೀಲರು ನಗಲು ಹೋಗಿ ಅವಳ ಮುಖ ನೋಡಿ ಕಾಗದ ಕೆಳಗಿಟ್ಟರು. “ವಿಳಂಬ ಮನ್ನಾ ಮಾಡ್ರಿ ಅಂತ ದೊಡ್ಡ ಸಾಹೇಬರಿಗೆ ಅರ್ಜಿ ಹಾಕಬೇಕು. ಯಾಕ ತಡ ಆತು ಅಂತ ಕಾರಣ ಬರೀಬೇಕು. ಜಡ್ಡು ಅಂತ ಬರದ್ರ ಲಗೂ ಆಗ್ತದ. ನೀವು ದವಾಖಾನ್ಯಾಗ ಇರೋರು, ಸರ್ಟಿಫಿಕೇಟಿಗೇನು ಕಡಿಮಿ?”

“ನನಗ ಜಡ್ಡು ಬಂದಿಲ್ರಿ. ಸುಳ್ಳ ಸರ್ಟಿಫಿಕೇಟ್ ಕೇಳಾಕ ಬಂದವರನ್ನ ನಾನೇ ಹೊಳ್ಳಿ ಕಳಿಸೀನಿ.”

“ಮತ್ತೇನು ಬರೀಲ್ರಿ?”

“ಆದದ್ದು ಬರೀರಿ.” ನನ್ನ ಕಡೆ ನೋಡದೆ ಹೇಳಿದಳು, “ಇವ ಬರೀತಾನ. ಅರ್ಜಿ ಬರಿಯೂದು ಇವಗ ಛಲೋ ಬರ್ತದ.”

ಅಲ್ಲೇ ಕಂಪ್ಯೂಟರಿನ ಮುಂದೆ ಕೂತೆ. ಆ ಅರ್ಜಿಯಲ್ಲಿ ‘ನಾನು’ ಎಂದರೆ ಅಕ್ಕ. ಕೌಟುಂಬಿಕ ಕಾರಣಗಳಿಂದ ವಿಳಂಬವಾಯಿತು ಎಂದು ಟೈಪ್ ಮಾಡಿ ಓದಿ ಹೇಳಿದೆ.

“ಕುಟುಂಬ ಏನು ಮಾಡ್ತು?” ಎಂದಳು.

ಅಳಿಸಿ, ಕಣ್ತಪ್ಪಿನಿಂದ ಎಂದು ಬರೆದೆ.

“ಯಾರ ಕಣ್ಣು?”

ಅದನ್ನೂ ಅಳಿಸಿದೆ. ಬೇರೆಯವರ ತಪ್ಪಿಗೆ ನೂರಾರು ನಯವಾದ ಮಾತು ಹುಡುಕಿಕೊಟ್ಟ ಕೈ ಇದು. ಕೊನೆಗೆ ಅವಳೇ ಹೇಳಿದಳು, ನಾನು ಅದನ್ನು ಪುಸ್ತಕದ ಭಾಷೆಗೆ ತಂದೆ: ‘ಪ್ರತಿ ವರ್ಷ ಕಾಗದವನ್ನು ನನ್ನ ತಮ್ಮನ ಕೈಗೆ ಕೊಟ್ಟೆ. ತುಂಬಿದ್ದೇನೆ ಎಂದು ಹೇಳಿದ. ನಂಬಿದೆ.’ ವಕೀಲರು ಅದನ್ನು ಇಂಗ್ಲಿಷಿಗೆ ಹಾಕಿದರು. ಇದು ನಿಜವೆಂದು ನಾನೂ ಒಂದು ಪ್ರಮಾಣಪತ್ರಕ್ಕೆ ಸಹಿ ಮಾಡಿದೆ. ಅಕ್ಕ ಸಹಿ ಮಾಡುವ ಮೊದಲು ಪ್ರತಿ ಹಾಳೆಯನ್ನೂ ಓದಿದಳು. ಅದಕ್ಕೂ ಮುಂಚೆ ನಾನು ತೋರಿಸಿದ ಕಡೆ ಓದದೆ ಸಹಿ ಹಾಕುತ್ತಿದ್ದವಳು ಅವಳು.

ಆಮೇಲೆ ಕಾಯುವ ಕೆಲಸ. ವಾರಕ್ಕೊಮ್ಮೆ ವಕೀಲರ ಹತ್ತಿರ ಹೋಗುತ್ತಿದ್ದೆ. ಅರ್ಜಿ ವಿಚಾರಣೆಯಲ್ಲಿದೆ ಎನ್ನುತ್ತಿದ್ದರು. ಒಂದೇ ವರ್ಷದ ರಿಟರ್ನಿಗೆ ಬ್ಯಾಂಕಿನವರು ಒಪ್ಪಲಿಲ್ಲ. ನಮ್ಮ ಮನೆಯನ್ನು ಅಡವಿಡುತ್ತೇನೆ ಎಂದೆ, ಅದಕ್ಕೆ ಅಕ್ಕ ಒಪ್ಪಲಿಲ್ಲ. “ಮಗಳು ಓದಾಕತ್ಯಾಳ. ಆಕಿ ತಲಿ ಮ್ಯಾಲಿನ ಸೂರು ಮುಟ್ಟಬ್ಯಾಡ,” ಎಂದು ಫೋನಿಟ್ಟಳು.

ಯುಗಾದಿ ಬಂತು. ಮಾಸ್ತರರು ಇನ್ನೂ ಹದಿನೈದು ದಿನ ಕಾದರು, ಪಾಪ. ಆಮೇಲೆ ಗೊಬ್ಬರದ ಅಂಗಡಿಯವರೊಬ್ಬರು ಗೋದಾಮಿಗೆಂದು ಆ ಮನೆ ತೆಗೆದುಕೊಂಡರು. ಆಪಾನ ಗೋಡೆಯ ಆಚೆ ಈಗ ಯೂರಿಯಾ ಚೀಲ ಬಿದ್ದಿವೆ.

ರಿಟೈರ್ ಆದ ದಿನ, ನಮ್ಮಲ್ಲಿಗೇ ಬಂದುಬಿಡು ಎಂದು ಕೈ ಹಿಡಿದೆ. “ಬರ್ತೇನಿ, ಹಬ್ಬಕ್ಕ,” ಎಂದಳು. ಆಪಾನ ಮನೆಯಿಂದ ಎರಡು ಓಣಿ ಆಚೆ, ಮಾಳಿಗೆಯ ಮೇಲೆ ಬಾಡಿಗೆಯ ಒಂದು ಕೋಣೆ ಹಿಡಿದಳು. ಕೆಳಗೆ ಯಾವುದೂ ಸಿಗಲಿಲ್ಲ. ಸಾಮಾನು ಹೊತ್ತು ಹಾಕಲು ಹೋದಾಗ ಮೆಟ್ಟಿಲು ಎಣಿಸಿದೆ, ಹತ್ತೊಂಬತ್ತು. ಆಪಾ ಕೆಳಗೇ ನಿಂತು ಕತ್ತೆತ್ತಿ ನೋಡಿ, ಅಕ್ಕನನ್ನು ಒಂದಿಷ್ಟು ಹೊತ್ತು ಮಾತಾಡಿಸಿ, ಕೋಲೂರಿಕೊಂಡು ವಾಪಸ್ ಹೋದರು. ನನ್ನನ್ನು ಮಾತಾಡಿಸಲಿಲ್ಲ.

ಇಲಾಖೆಯ ಆದೇಶ ಶ್ರಾವಣದಲ್ಲಿ ಬಂತು. ತೋರಿಸಿದ ಕಾರಣ ನಿಜವೆಂದು ಕಂಡಿದೆ, ವಿಳಂಬವನ್ನು ಮನ್ನಿಸಲಾಗಿದೆ, ಎರಡೂ ವರ್ಷದ ರಿಟರ್ನ್ ಸಲ್ಲಿಸಬಹುದು. ವಕೀಲರು ಶಹಬ್ಬಾಸ್ ಎಂದರು. ನಾನು ಮಿಲ್ಲಿಗೆ ರಜೆ ಹಾಕಿ, ಸಿಕ್ಕ ಬಸ್ಸಿಗೆ ಕಮಲಾಪುರಕ್ಕೆ ಓಡಿದೆ. ಹುಚ್ಚು ಮನುಷ್ಯ, ಏನೋ ಗೆದ್ದವನ ಹಾಗೆ ಓಡಿದೆ.

ಅಕ್ಕ ಮೊರದಲ್ಲಿ ಜೋಳ ಹಸನು ಮಾಡುತ್ತಾ ಕೂತಿದ್ದಳು. ಚಾಳೀಸು ಹಾಕಿಕೊಂಡು ಆದೇಶವನ್ನು ಮೊದಲಿನಿಂದ ಕೊನೆಯವರೆಗೆ ಓದಿದಳು.

“ಛಲೋ ಆತು. ರೊಕ್ಕ ವಾಪಸ್ ಬರ್ತದಲ್ಲ? ನಿನ್ನ ಮಗಳ ಫೀಜಿಗೆ ಆಗ್ತದ.”

“ಅಕ್ಕಾ, ಒಮ್ಮೆ ಬಾಯಿ ತುಂಬ ಬೈದುಬಿಡು. ಆ ಸಿಟ್ಟು ಹೊರಗ ಹಾಕಿಬಿಡು,” ಎಂದೆ.

ಅವಳು ಮೊರವನ್ನು ಕೆಳಗಿಟ್ಟು ನನ್ನನ್ನು ನೋಡಿದಳು. ಎಷ್ಟೋ ತಿಂಗಳ ಮೇಲೆ ಹಾಗೆ ನೇರವಾಗಿ ನೋಡಿದ್ದು.

“ಸಿಟ್ಟಿಲ್ಲೋ ತಮ್ಮಾ,” ಎಂದಳು. “ಸಿಟ್ಟಿದ್ದಿದ್ರ ಇಷ್ಟೊತ್ತಿಗೆ ಇಳೀತಿತ್ತು.”