ಬೆಂಚು ಇರುವ ದಾರಿಗಳು

ಮೇ ತಿಂಗಳು ಬಂತೆಂದರೆ ಈ ಪರದೇಶದ ನಮ್ಮ ಸಬ್‌ಡಿವಿಷನ್ನಿನಲ್ಲಿ, ಅಂದರೆ ಬಡಾವಣೆಯಲ್ಲಿ, ಎಲ್ಲ ಮನೆಯವರೂ ಗಿಡದ ಬುಡಕ್ಕೆ ಮರದ ಹೊಟ್ಟು ಸುರಿಯುತ್ತಾರೆ. ಮಲ್ಚ್ ಅಂತಾರೆ ಅದಕ್ಕೆ. ಮಳೆ ಬಿದ್ದ ಮೇಲೆ ಅದರಿಂದ ಒಂದು ಹುಳಿ ವಾಸನೆ ಏಳುತ್ತದೆ. ಬೇರೆಯವರು ಮೂಗೆತ್ತಿ ಆಹಾ ಅನ್ನುತ್ತಾರೆ. ನಾನು ಸೆರಗಿನಿಂದ ಮೂಗು ಮುಚ್ಚಿಕೊಳ್ಳುತ್ತೇನೆ. ಮೂರು ವರ್ಷದಿಂದ ಹೀಗೇ.

ಹೋದ ತಿಂಗಳು ಆ ವಾಸನೆಯ ನಡುವೆ ನಿಂತು ಟಪಾಲು ಡಬ್ಬಿ ತೆಗೆಯುತ್ತಿದ್ದೆ. ಎರಡು ಮನೆ ಆಚೆಯ ಮೈಸೂರಿನ ಹುಡುಗಿ ಓಡಿಬಂದಳು.

"ಆಂಟಿ, ಅಮ್ಮ ಬರ್ತಿದಾರೆ! ನಮ್ಮ ವಿಕ್ಸಮ್ ಊರಿನ ಸುತ್ತ ಈಜಿ ಟ್ರೇಲ್ಸ್ ಎಲ್ಲಾ ನಿಮಗೇ ಗೊತ್ತಂತೆ. ಒಂದು ಲಿಸ್ಟ್ ಕೊಡ್ತೀರಾ? ಅಮ್ಮಂಗೆ ಸ್ಟೆಪ್ಸ್ ಎಣಿಸೋ ಬ್ಯಾಂಡೂ ಆರ್ಡರ್ ಮಾಡಿದೀನಿ."

ನಾಳೆ ಹೇಳ್ತೀನಿ ಅಂದು ಒಳಗೆ ಬಂದೆ. ಟಪಾಲು ಅಲ್ಲೇ ಬಿಟ್ಟು ಬಂದಿದ್ದೆ.

ಗೊತ್ತಿರುವುದೇನೋ ನಿಜ. ನಾಲ್ಕನೇ ಕ್ಲಾಸಿಗೆ ಸ್ಲೇಟು ಎತ್ತಿಟ್ಟವಳು ನಾನು. ಇಂಗ್ಲಿಷ್ ಬೋರ್ಡು ಓದಲು ಬರುವುದಿಲ್ಲ. ಆದರೆ ಈ ಊರಿನ ನಡೆಯುವ ದಾರಿಗಳು ಅಂಗೈಯಲ್ಲಿ ಇದ್ದ ಹಾಗಿವೆ. ಹಳೇ ರೈಲು ಹಳಿ ಕಿತ್ತು ಟಾರು ಹಾಕಿದ ದಾರಿ ಒಂದಿದೆ, ರೊಟ್ಟಿ ಹೆಂಚಿನಷ್ಟು ಮಟ್ಟಸ. ಕೆರೆ ಸುತ್ತಿನದು ಮುಕ್ಕಾಲು ಮೈಲಿ, ಒಂದೇ ಒಂದು ದಿಬ್ಬ. ಜೌಗಿನ ಮೇಲೆ ಹಲಗೆ ಹಾಸಿದ ದಾರಿ ಇನ್ನೊಂದು, ಅಲ್ಲಿ ರೆಕ್ಕೆಯ ಮೇಲೆ ಕೆಂಪು ಇರುವ ಕರಿ ಹಕ್ಕಿಗಳು ತಲೆಗೆ ಕುಕ್ಕಲು ಬರುತ್ತವೆ. ಫ್ಯಾಕ್ಟರಿ ಶೆಡ್ಡುಗಳ ಹಿಂದೆ ಹೋಗುವುದು ನೋಡಲು ಚೆನ್ನಾಗಿಲ್ಲ, ಗಾಳಿ ಮಾತ್ರ ಬಡಿಯುವುದಿಲ್ಲ. ಯಾವುದರಲ್ಲಿ ಎಷ್ಟು ಹೆಜ್ಜೆಗೆ ಬೆಂಚು ಇದೆ ಅಂತ ಕೇಳಿ, ಕಣ್ಣು ಮುಚ್ಚಿ ಹೇಳುತ್ತೇನೆ. ನಡಿಗೆಯ ಹುಚ್ಚಿನಿಂದ ಕಲಿತದ್ದಲ್ಲ ಇದು. ರುದ್ರಮ್ಮನಿಗಾಗಿ ಕಲಿತದ್ದು.

ರುದ್ರಮ್ಮ ಹಾವೇರಿ ಕಡೆಯವರು. ನಮ್ಮ ಹಿಂದಿನ ಬೀದಿಯ ಶೈಲಾಳ ತಾಯಿ. ಮಗಳ ಬಾಣಂತನಕ್ಕೆ ಅಂತ ಮೂರು ವರ್ಷದ ಹಿಂದೆ ಫೆಬ್ರವರಿಯಲ್ಲಿ ಬಂದರು, ಆರು ತಿಂಗಳಿಗೆ. ಪೆಟ್ಟಿಗೆಯಲ್ಲಿ ಬಟ್ಟೆಗಿಂತ ಜಾಸ್ತಿ ಓಮ, ಒಣಶುಂಠಿ, ಅಂಟು, ಕೊಬ್ಬರಿ. ಶೈಲಾಳಿಗೆ ಅದಕ್ಕೆ ಮುಂಚೆ ಎರಡು ಬಸಿರು ನಿಂತಿರಲಿಲ್ಲ. ಹಾಗಾಗಿ ಆ ಮನೆಯಲ್ಲಿ ಎಲ್ಲರೂ ಉಸಿರು ಬಿಗಿಹಿಡಿದು ಓಡಾಡುತ್ತಿದ್ದರು.

ಹಿಮ ಕರಗಿದ ಮೇಲೆ ಶೈಲಾ ನನ್ನ ಹತ್ತಿರ ಬಂದು, "ಆಂಟಿ, ಅಮ್ಮ ಮನೇಲಿ ಕೂತೇ ಇರ್ತಾರೆ. ಜೊತೇಲಿ ವಾಕಿಂಗ್ ಕರ್ಕೊಂಡು ಹೋಗಿ ಪ್ಲೀಸ್. ನಾನು ಆಫೀಸಿಗೆ ಹೋಗ್ತಾ ಡ್ರಾಪ್ ಮಾಡ್ತೀನಿ," ಅಂದಳು. ಮನೆಯಲ್ಲೇ ಕೆಲಸ ಮಾಡುವ ನನ್ನ ಮಗಳು ಹತ್ತೂವರೆಗೆ ಬಂದು ಕರೆದುಕೊಂಡು ಹೋಗುವುದು ಅಂತ ಆಯಿತು. ಶೈಲಾ ಅಮ್ಮನ ಕೈಗೆ ಹೆಜ್ಜೆ ಎಣಿಸುವ ಪಟ್ಟಿಯೊಂದನ್ನು ಕಟ್ಟಿದಳು. ಅದು ಎಣಿಸಿದ್ದು ಸಂಜೆ ಅವಳ ಫೋನಿಗೆ ಬರುತ್ತಿತ್ತು.

ನಮ್ಮಿಬ್ಬರನ್ನು ನೋಡಬೇಕಿತ್ತು ನೀವು. ನನಗೆ ಸೀರೆ ಮೇಲೆ ಅಳಿಯನ ಜಾಕೆಟ್ಟು, ಕಾಲಿಗೆ ಮೊಮ್ಮಗಳ ಗುಲಾಬಿ ಬಣ್ಣದ ಶೂ. ರುದ್ರಮ್ಮನಿಗೆ ತಲೆಗೆ ಸುತ್ತಿದ ಮಫ್ಲರು. ಬಾತುಕೋಳಿಗಳೇ ದಾರಿ ಬಿಡುತ್ತಿದ್ದವು.

ಎರಡನೇ ದಿನಕ್ಕೇ ನನಗೆ ತಿಳಿಯಿತು. ಹಲಗೆ ದಾರಿಯಲ್ಲಿ ಅವರು ಕಟಕಟೆ ಹಿಡಿದು ನಿಂತರು. ಹಕ್ಕಿ ನೋಡುತ್ತಿದ್ದೇನೆ ಅಂದರು. ಕಣ್ಣು ಹಕ್ಕಿ ಮೇಲೆ ಇರಲಿಲ್ಲ. ಇಲ್ಲಿಯವರ ಲೆಕ್ಕದಲ್ಲಿ ನಲವತ್ತು ಡಿಗ್ರಿ, ಅಂದರೆ ಫ್ರಿಜ್ಜಿನ ಒಳಗಿನಷ್ಟು ಚಳಿ, ನನ್ನ ಮೂಗು ಸೋರುತ್ತಿದೆ, ಅವರ ಮೇಲ್ದುಟಿಯ ಮೇಲೆ ಬೆವರು.

"ಎಷ್ಟು ದಿನದಿಂದ?" ಅಂದೆ.

"ಏನ್ರಿ?"

"ನನ್ನ ಹತ್ರ ಬೇಡ. ನನ್ನ ಗಂಡನೂ ಹೀಗೇ ಗೋಡೆ ಹಿಡ್ಕೊಂಡು ನಿಲ್ತಿದ್ದರು. ಎದೆ ತಾನೆ?"

ಅವರು ಬೆಂಚಿನ ಮೇಲೆ ಕೂತು ಸೆರಗಿನಲ್ಲಿ ಮುಖ ಒರೆಸಿಕೊಂಡರು. "ದೀಪಾವಳಿಯಿಂದ ಹಿಡಿತೈತ್ರಿ ಅಕ್ಕಾರ. ಊರಾಗ ಡಾಕ್ಟರ್ ಅದೇನೋ ನಳಗಿ ಹಾಕಿ ನೋಡಬೇಕಂದ್ರು. ಬಂದ ಮ್ಯಾಲೆ ನೋಡೂಣು ಅಂತ ವಿಮಾನ ಹತ್ತೀನಿ."

"ಮಗಳಿಗೆ ಹೇಳಿ."

"ಹೇಳಿದ್ರ ನಾಳೇನ ಟಿಕೆಟ್ ತೆಗಸ್ತಾಳ. ಇಲ್ಲಾ ದವಾಖಾನಿ, ಅಳು, ಗಾಬರಿ. ಅಕಿ ಹೊಟ್ಟ್ಯಾಗ ಏಳು ತಿಂಗಳ ಕೂಸು ಐತಿ. ಎರಡು ಸಲ ಹೋಗೇತ್ರಿ ಅಕಿಗೆ. ಈ ಕೂಸಿಗೆ ನಾನ ಎರೀಬೇಕು. ನಲವತ್ತು ದಿನದ ಬಾಣಂತನ ಮುಗೀಲಿ, ಆಮ್ಯಾಲೆ ಎಲ್ಲಿಗರ ಒಯ್ರಿ ನನ್ನ. ನಿಮ್ಮ ಕಾಲಿಗೆ ಬೀಳ್ತೀನಿ, ಹೇಳಬ್ಯಾಡ್ರಿ."

ಬೀಳಲೂ ಹೊರಟರು. ತಡೆದೆ. ಹೇಳುವುದಿಲ್ಲ ಅಂದೆ. ಬಾಣಂತನ ಮಾಡಬೇಕು ಅಂತ ಸಮುದ್ರ ದಾಟಿ ಬಂದ ತಾಯಿಯನ್ನು ಹೆರಿಗೆಗೆ ಮುಂಚೆ ವಾಪಸು ಕಳಿಸುವ ಮಾತು ನನ್ನ ಬಾಯಿಂದ ಬರಬೇಕೇ ಅನ್ನಿಸಿತು. ಇವತ್ತು ಅದೇ ಬಾಯಿಗೆ ಹೊಡೆದುಕೊಳ್ಳಬೇಕು ಅನ್ನಿಸುತ್ತದೆ.

ಆದರೆ ಕೈಯಲ್ಲಿ ಪಟ್ಟಿ ಇದೆಯಲ್ಲ. ಹೆಜ್ಜೆ ಕಮ್ಮಿಯಾದರೆ ಮಗಳು ಕೇಳುತ್ತಾಳೆ. ಅದಕ್ಕೆ ಉಪಾಯ ಹೂಡಿದವಳು ನಾನು. ಇದನ್ನು ಅವರ ಮೇಲೆ ಹಾಕುವುದಿಲ್ಲ. "ಬಿಚ್ಚಿ ಇಲ್ಲಿ ಕೊಡಿ" ಅಂದೆ. ನನ್ನ ಕೈಗೆ ಕಟ್ಟಿಕೊಂಡೆ. ಅವರನ್ನು ಮೊದಲನೇ ಬೆಂಚಿನಲ್ಲಿ ಕೂರಿಸಿ ಇಬ್ಬರ ಪಾಲಿನದೂ ನಾನೇ ನಡೆದೆ.

ಅವತ್ತಿನಿಂದ ಇದೇ ನಿತ್ಯದ ಕೆಲಸ. ಶೈಲಾಳ ಕಾರು ಮರೆಯಾಗುವ ತನಕ ಇಬ್ಬರೂ ಕೈ ಬೀಸಿಕೊಂಡು ನಡೆಯುವುದು. ಆಮೇಲೆ ಅವರು ಬೆಂಚಿಗೆ, ನಾನು ದಾರಿಗೆ. ಒಂದೇ ಜಾಗ ಬೇಜಾರು ಅಂತ ಶೈಲಾ ಹೊಸ ಹೊಸ ಟ್ರೇಲಿನ ಹೆಸರು ಹೇಳಿದರೆ, ಅಲ್ಲಿ ಕಾರು ನಿಲ್ಲಿಸುವ ಜಾಗದಿಂದ ಬೆಂಚು ಎಷ್ಟು ದೂರ ಅಂತ ನಾನು ಮೊದಲೇ ನನ್ನ ಮಗಳ ಜೊತೆ ಹೋಗಿ ನೋಡಿಕೊಂಡು ಬರುತ್ತಿದ್ದೆ. ವಾಪಸು ಬಂದು ನಾನು ಏದುಸಿರು ಬಿಡುತ್ತಿದ್ದರೆ ರುದ್ರಮ್ಮ ನಗುತ್ತಿದ್ದರು. "ಅಕ್ಕಾರ, ಇವತ್ತ ನಾ ಭಾಳ ನಡದೀನಿ. ನಿಮ್ಮ ಕಾಲು ನೋಯತಿರಬೇಕು!"

ಶೈಲಾ ಸಂಜೆ ಫೋನು ಹಿಡಿದು ಬೀಗುತ್ತಿದ್ದಳು. "ನೋಡಿ ಆಂಟಿ, ಅಮ್ಮ ಏಳು ಸಾವಿರ! ನೀವೆಷ್ಟು?"

"ನಂದು ಯಾರು ಎಣಿಸಿದಾರೆ" ಅಂದೆ. ರುದ್ರಮ್ಮ ಬಾಯಿಗೆ ಸೆರಗು ಒತ್ತಿಕೊಂಡು ಅಡುಗೆಮನೆಗೆ ಹೋದರು.

ನಮಗೆ ಅದೊಂದು ಆಟವಾಗಿಬಿಟ್ಟಿತ್ತು. ಆಟ ಅಂದುಕೊಂಡದ್ದೇ ದೊಡ್ಡ ತಪ್ಪು. ಮಗಳು ತಾಯಿಯ ಬೆವರು ನೋಡಿದ್ದರೆ, ಕೂತಲ್ಲಿಂದ ಏಳಲು ಯೋಚಿಸುವುದು ನೋಡಿದ್ದರೆ, ಕೇಳುತ್ತಿದ್ದಳೋ ಏನೋ. ಅವಳು ಫೋನು ನೋಡಿದಳು. ಏಳು ಸಾವಿರ ನಡೆಯುವವರಿಗೆ ಏನಾಗುತ್ತದೆ?

ಹೆರಿಗೆಗೆ ಹನ್ನೊಂದು ದಿನ ಇತ್ತು. ಅವತ್ತು ಹಳಿ ಕಿತ್ತ ರೈಲು ದಾರಿಗೆ ಹೋಗಿದ್ದೆವು. ದಾರಿಯ ಅಂಚಿಗೆಲ್ಲ ಹೊಸ ಹೊಟ್ಟು ಸುರಿದಿದ್ದರು, ರಾತ್ರಿ ಮಳೆಯಾಗಿ ನೆನೆದಿತ್ತು. ರುದ್ರಮ್ಮ ಬೆಳಿಗ್ಗೆ ಅಂಟಿನುಂಡೆಗೆ ಕೊಬ್ಬರಿ ಹುರಿದು ಬಂದಿದ್ದರು. "ಸ್ವಲ್ಪ ಲಗೂನ ಬರ್ರಿ ಅಕ್ಕಾರ, ಇವತ್ತ ಉಂಡಿ ಕಟ್ಟಬೇಕು," ಅಂದರು. ನಾನು ಪಟ್ಟಿ ಕಟ್ಟಿಕೊಂಡು ರಸ್ತೆ ದಾಟುವ ಜಾಗದ ತನಕ ಹೋದೆ. ಹೆಜ್ಜೆ ಇನ್ನೂ ಸಾಲದು ಅಂತ ಇನ್ನಷ್ಟು ದೂರ ಹೋದೆ.

ವಾಪಸು ಬಂದಾಗ ಅವರ ತಲೆ ಹಿಂದಕ್ಕೆ ವಾಲಿತ್ತು. ಒಂದು ಚಪ್ಪಲಿ ಕಾಲಿನಿಂದ ಜಾರಿತ್ತು. ಬಾಯಿ ಅರ್ಧ ತೆರೆದಿತ್ತು. ಸತ್ತವರನ್ನು ನಾನು ಬೇಕಾದಷ್ಟು ನೋಡಿದ್ದೇನೆ. ಮುಟ್ಟದೆಯೇ ತಿಳಿಯಿತು.

ಹೆಲ್ಪ್ ಹೆಲ್ಪ್ ಅಂತ ಕೂಗಿದೆ. ನಾಯಿ ಹಿಡಿದುಕೊಂಡು ಬರುತ್ತಿದ್ದ ಬಿಳಿಯವನೊಬ್ಬ ಫೋನು ಮಾಡಿದ. ಅವರನ್ನು ಕೆಳಗೆ ಮಲಗಿಸಿ ಎದೆ ಒತ್ತಿದ, ಸುಸ್ತಾಗಿ ಬಿಟ್ಟ. ಆಮೇಲೆ ಆಂಬುಲೆನ್ಸಿಗೆ ಕೈ ತೋರಿಸಲು ರಸ್ತೆಗೆ ಓಡಿದ.

ಆಗ ನಾನು ಮಾಡಿದ್ದು ಬರೆಯುತ್ತೇನೆ. ಪಟ್ಟಿಯನ್ನು ನನ್ನ ಕೈಯಿಂದ ಬಿಚ್ಚಿ ಅವರ ಕೈಗೆ ಕಟ್ಟಿದೆ. ಕೈ ಇನ್ನೂ ಬೆಚ್ಚಗಿತ್ತು. ಬಳೆ ಅಡ್ಡ ಬಂತು, ಹಿಂದಕ್ಕೆ ಸರಿಸಿದೆ. ದುಃಖಕ್ಕೆ ಬುದ್ಧಿ ಕೆಟ್ಟು ಮಾಡಿದ್ದಲ್ಲ. ಸಿಕ್ಕಿಬೀಳುತ್ತೇನೆ ಅನ್ನುವ ಭಯಕ್ಕೆ ಮಾಡಿದ್ದು.

ಹನ್ನೊಂದು ದಿನ ಕಾಯಲಿಲ್ಲ, ಮೂರನೇ ದಿನಕ್ಕೇ ಶೈಲಾಳಿಗೆ ಹೆರಿಗೆಯಾಯಿತು. ಹೆಣ್ಣು ಮಗು, ಚೆನ್ನಾಗಿತ್ತು. ಬಾಣಂತನ ನಾನು ಮಾಡಿದೆ. ರುದ್ರಮ್ಮ ತಂದಿದ್ದ ಓಮ, ಅವರು ಹುರಿದಿಟ್ಟ ಕೊಬ್ಬರಿ. ಕಾಲು ಚಾಚಿ ಕೂತು ಮಗುವನ್ನು ಕಾಲ ಮೇಲೆ ಹಾಕಿಕೊಂಡು ನೀರು ಎರೆದೆ. ಎಲ್ಲರೂ ನನ್ನನ್ನು ಹೊಗಳಿದರು. ತಾಯಿಯ ಹಾಗೆ ನೋಡಿಕೊಂಡರು ಅಂದರು. ಆ ಮಾತಿಗೆ ನಾನು ತಲೆ ತಗ್ಗಿಸಿದರೆ ವಿನಯ ಅಂದುಕೊಂಡರು.

ಒಂದು ದಿನ ಬೆನ್ನಿಗೆ ಎಣ್ಣೆ ತಿಕ್ಕುವಾಗ ಶೈಲಾ, "ಆಂಟಿ, ಅಮ್ಮನ್ನ ನಾನೇ ಸಾಯಿಸಿದೆ," ಅಂದಳು.

"ಏನ್ ಮಾತು ಅಂತ ಆಡ್ತೀಯೆ!"

"ಅರವತ್ತೆಂಟು ವರ್ಷದವರನ್ನ ದಿನಾ ಏಳು ಸಾವಿರ ಹೆಜ್ಜೆ ನಡೆಸಿದೆ. ಅವತ್ತೂ ನಾಲ್ಕು ಸಾವಿರ ಆಗಿತ್ತು, ಫೋನಲ್ಲಿದೆ. ನಾನು ಹೇಳದೆ ಇದ್ದಿದ್ರೆ ಮನೇಲಿ ಕೂತಿರ್ತಿದ್ರು."

ಆಗ ಹೇಳಬೇಕಿತ್ತು. ಬಾಣಂತಿಗೆ ಇಂಥದ್ದು ಹೇಳಬಾರದು ಅಂತ ನನಗೆ ನಾನೇ ಸಮಾಧಾನ ಹೇಳಿಕೊಂಡೆ. ನಲವತ್ತು ದಿನ ಕಳೆಯಿತು. ವರ್ಷ ಕಳೆಯಿತು. ಪ್ರತಿ ಶನಿವಾರ ಮಗುವನ್ನು ನನ್ನ ಹತ್ತಿರ ಬಿಟ್ಟು ಹೋಗುತ್ತಾಳೆ. ಅದು ನನ್ನನ್ನೇ ಅಜ್ಜಿ ಅನ್ನುತ್ತದೆ. ಶೈಲಾ ಮಾತ್ರ ಒಂದು ಬೀದಿ ಕೂಡ ನಡೆಯುವುದಿಲ್ಲ, ಯಾರನ್ನೂ ನಡೆಯಲು ಬಿಡುವುದಿಲ್ಲ. ಅತ್ತೆ ಬಂದಾಗ ಮಹಡಿ ಹತ್ತಲೂ ಬಿಡದೆ ಜಗಳವಾಯಿತು. ಮೂರು ವರ್ಷ ಅವಳ ತಲೆಯ ಮೇಲೆ ಕೂತಿದ್ದ ಹೆಜ್ಜೆಗಳು ನನ್ನವು. ನೋಡುತ್ತಾ ಸುಮ್ಮನಿದ್ದೆ. ಮಗು ನನ್ನ ಕೈ ತಪ್ಪುತ್ತದೆ ಅಂತ.

ಮೈಸೂರಿನ ಹುಡುಗಿಗೆ ಮಾರನೇ ದಿನ ಹೇಳಿದೆ: ದಾರಿ ಯಾವುದಾದರೂ ಆಗುತ್ತದೆ, ಮೊದಲ ವಾರ ನೀನೇ ಜೊತೆಗೆ ಹೋಗು, ಅಮ್ಮನ ಮುಖ ನೋಡಿಕೊಂಡು ನಡೆ, ಪಟ್ಟಿ ನೋಡಬೇಡ. ಅವಳಿಗೆ ಎಷ್ಟು ಅರ್ಥವಾಯಿತೋ. ಅಲ್ಲಿಂದ ನೇರ ಶೈಲಾಳ ಮನೆಗೆ ಹೋದೆ.

ನಿಂತುಕೊಂಡೇ ಹೇಳಿದೆ. ಎದೆ ನೋವು, ಕೊಟ್ಟ ಮಾತು, ಪಟ್ಟಿ, ಕೊನೆಗೆ ಕೈಗೆ ಕಟ್ಟಿದ್ದು, ಎಲ್ಲ. ಅವಳು ಅಳುತ್ತಾಳೆ ಅಂದುಕೊಂಡಿದ್ದೆ. ಅಳಲಿಲ್ಲ.

"ಹಾಗಾದ್ರೆ ಅಮ್ಮ ಎಷ್ಟು ನಡೀತಿದ್ರು?"

"ಕಾರಿಂದ ಬೆಂಚಿನ ತನಕ. ಅಷ್ಟೇ."

"ನೀವು ಒಂದು ಮಾತು ಹೇಳಿದ್ರೆ ಇವತ್ತು ಇರ್ತಿದ್ರು."

"ಇರ್ತಿದ್ರೇನೋ."

"ಹೋಗಿ ಆಂಟಿ. ಈಗ ಹೋಗಿ."

ಬಂದೆ. ಆ ಶನಿವಾರ ಮಗು ಬರಲಿಲ್ಲ. ಅದರ ಮುಂದಿನ ಶನಿವಾರವೂ ಇಲ್ಲ. ನನ್ನ ಮಗಳು ಬೈದಳು: "ಮೂರು ವರ್ಷ ಮುಚ್ಚಿಟ್ಟಿದ್ದೆ, ಈಗ್ಯಾಕಮ್ಮ ಬೇಕಿತ್ತು?" ಬೇಕಿತ್ತು. ಇಷ್ಟು ತಡವಾಗಿ ಬೇಕಿರಲಿಲ್ಲ.

ನಿನ್ನೆ ಮಧ್ಯಾಹ್ನ ಶೈಲಾ ಫೋನು ಮಾಡಿದಳು. ಹೇಗಿದೀರಾ ಅನ್ನಲಿಲ್ಲ.

"ಆಂಟಿ, ಒಂದು ಕೇಳಬೇಕು. ಎರಡು ತಿಂಗಳು ದಿನಾ ಕೂತಿದ್ರಲ್ಲ ಅಮ್ಮ, ನಿಮ್ಮ ಹತ್ರ ಏನ್ ಮಾತಾಡ್ತಿದ್ರು? ನನ್ನ ಬಗ್ಗೆ ಏನಾದ್ರೂ?"

ಒಂದು ಸುಳ್ಳು ಹೇಳಬಹುದಿತ್ತು. ನಾಲಿಗೆ ತುದಿಗೆ ಬಂದಿತ್ತು ಕೂಡ.

"ಮಾತಾಡೋಕೆ ನಾನು ಅಲ್ಲಿರ್ತಿರ್ಲಿಲ್ಲ ಕಣೆ. ನಾನು ನಡೀತಿದ್ದೆ."

"ಒಬ್ಬರೇ ಕೂತಿರ್ತಿದ್ರಾ?"

"ಹೂಂ. ಒಬ್ಬರೇ."

ಅವಳು ಫೋನು ಇಡಲಿಲ್ಲ. ಅತ್ತ ಕಡೆಯಿಂದ ಫೋನಿನಲ್ಲಿ ಯಾರು, ಯಾರು ಅಂತ ಮಗು ಇಂಗ್ಲಿಷಿನಲ್ಲಿ ಕೇಳುತ್ತಿತ್ತು. ಅವಳು ಅಜ್ಜಿ ಅನ್ನುತ್ತಾಳೋ, ಬೇರೇನು ಹೇಳುತ್ತಾಳೋ ಅಂತ ನಾನು ಕಿವಿಗೆ ಒತ್ತಿಕೊಂಡು ನಿಂತೇ ಇದ್ದೆ.